ನಮ್ಮ ಮಿದುಳು: ಅದರ ಭಾಗಗಳು ಮತ್ತು ಕೆಲಸಗಳು

ಬೀದರ್ ನಗರದ ಬಸ್ ನಿಲ್ದಾಣದಲ್ಲಿ ಹತ್ತು ನಿಮಿಷ ಸುಮ್ಮನೆ ನಿಂತು ಕಿವಿಗೊಟ್ಟು ನೋಡಿ. ಔರಾದಿಗೆ ಹೊರಟವರ ಬಾಯಲ್ಲಿ ಮರಾಠಿ, ಭಾಲ್ಕಿಗೆ ಹೊರಟವರ ಬಾಯಲ್ಲಿ ಕನ್ನಡ, ಜಹೀರಾಬಾದಿನ ಕಡೆಯವರ ಬಾಯಲ್ಲಿ ತೆಲುಗು, ಚಹಾ ಅಂಗಡಿಯ ಮುಂದೆ ಉರ್ದು. ಬಸ್ಸಿನ ಕಂಡಕ್ಟರ್ ಈ ನಾಲ್ಕರಲ್ಲೂ ಟಿಕೆಟ್ ಕೇಳುತ್ತಾನೆ, ಚಿಲ್ಲರೆ ಎಣಿಸುತ್ತಾನೆ, ಇಳಿಯುವವರ ಊರನ್ನು ನೆನಪಿಡುತ್ತಾನೆ, ಓಡುವ ಬಸ್ಸಿನಲ್ಲಿ ಬೀಳದೆ ನಿಲ್ಲುತ್ತಾನೆ. ನಮಗೆ ಇದರಲ್ಲಿ ವಿಶೇಷವೇನೂ ಕಾಣುವುದಿಲ್ಲ. ಆದರೆ ಮಾತು, ಲೆಕ್ಕ, ನೆನಪು, ಸಮತೋಲ ಈ ನಾಲ್ಕು ಕೆಲಸಗಳೂ ಆತನ ತಲೆಯೊಳಗೆ ಬೇರೆ ಬೇರೆ ಕಡೆ, ಆದರೆ ಒಂದೇ ಕ್ಷಣದಲ್ಲಿ ನಡೆಯುತ್ತಿರುತ್ತವೆ.

ಆ ಕೆಲಸಗಳು ಎಲ್ಲಿ ನಡೆಯುತ್ತವೆ? ಯಾವ ಭಾಗಕ್ಕೆ ಪೆಟ್ಟಾದರೆ ಏನಾಗುತ್ತದೆ? ಆಗ ನಾವು ಏನು ಮಾಡಬೇಕು? ಇವಿಷ್ಟನ್ನು ಈ ಭಾಷಣದಲ್ಲಿ ತಿಳಿದುಕೊಳ್ಳೋಣ.

ಮಿದುಳಿನ ಗಾತ್ರ ಮತ್ತು ರಕ್ಷಣೆ

ನಿಮ್ಮ ಎರಡೂ ಕೈಗಳ ಮುಷ್ಟಿ ಬಿಗಿದು, ಬೆರಳುಗಳು ಎದುರುಬದುರಾಗಿ ಒಂದಕ್ಕೊಂದು ತಾಗುವಂತೆ ಜೋಡಿಸಿ ಹಿಡಿಯಿರಿ. ಹೆಚ್ಚು ಕಡಿಮೆ ಅಷ್ಟು ದೊಡ್ಡದು ನಿಮ್ಮ ಮಿದುಳು. ಬೆಳೆದ ಮನುಷ್ಯನ ಮಿದುಳಿನ ತೂಕ ಸುಮಾರು 1.3ರಿಂದ 1.4 ಕಿಲೋಗ್ರಾಂ. ದೇಹದ ತೂಕದಲ್ಲಿ ಇದು ನೂರಕ್ಕೆ ಎರಡು ಪಾಲು ಮಾತ್ರ. ಆದರೆ ವಿಶ್ರಾಂತಿಯಲ್ಲಿರುವ ದೇಹ ಖರ್ಚು ಮಾಡುವ ಶಕ್ತಿಯಲ್ಲಿ ಸುಮಾರು ಐದನೆಯ ಒಂದು ಪಾಲನ್ನು ಇದೊಂದೇ ಬಳಸುತ್ತದೆ. ನಾವು ನಿದ್ರಿಸುವಾಗಲೂ ಈ ಖರ್ಚು ಅಷ್ಟಾಗಿ ಇಳಿಯುವುದಿಲ್ಲ. ಮಿದುಳಿಗೆ ರಕ್ತ ಬರುವುದು ಪೂರ್ತಿ ನಿಂತರೆ ಹತ್ತು ಸೆಕೆಂಡಿನ ಆಸುಪಾಸಿನಲ್ಲಿ ಪ್ರಜ್ಞೆ ತಪ್ಪುತ್ತದೆ. ನಾಲ್ಕೈದು ನಿಮಿಷ ಕಳೆದರೆ ಕೋಶಗಳು ಸಾಯತೊಡಗುತ್ತವೆ. ಈ ಅಂಶವನ್ನು ನೆನಪಿಡಿ, ಮುಂದೆ ಇದು ಬೇಕಾಗುತ್ತದೆ.

ಇಷ್ಟು ಬೆಲೆಬಾಳುವ ಅಂಗ ಮುಟ್ಟಿದರೆ ಮೃದುವಾದ ಬೆಣ್ಣೆಯಂತಿದೆ. ಆದ್ದರಿಂದ ಪ್ರಕೃತಿ ಅದಕ್ಕೆ ಕೋಟೆಯನ್ನೇ ಕಟ್ಟಿದೆ. ಬೀದರಿನ ಕೋಟೆಗೆ ಕೆಲವು ಕಡೆ ಒಂದರ ಹಿಂದೆ ಒಂದು ಮೂರು ಕಂದಕಗಳಿರುವುದನ್ನು ನೀವು ನೋಡಿದ್ದೀರಿ. ಮಿದುಳಿಗೂ ಹೊರಗೆ ತಲೆಬುರುಡೆ, ಅದರೊಳಗೆ ಮೂರು ಪದರದ ಮಿದುಳು ಪೊರೆ ಇದೆ. ಒಳಗಿನ ಎರಡು ಪದರಗಳ ನಡುವೆ ತಿಳಿನೀರಿನಂಥ ಮಿದುಳು ದ್ರವ ತುಂಬಿರುತ್ತದೆ. ಈ ದ್ರವ ಯಾವುದೇ ವೇಳೆಯಲ್ಲಿ ಸುಮಾರು 150 ಮಿಲಿಲೀಟರ್ ಇರುತ್ತದೆ. ದಿನಕ್ಕೆ ಸುಮಾರು ಅರ್ಧ ಲೀಟರ್ ಹೊಸದಾಗಿ ತಯಾರಾಗಿ, ಹಳೆಯದು ರಕ್ತಕ್ಕೆ ಸೇರಿಹೋಗುತ್ತದೆ. ಮಿದುಳು ಈ ದ್ರವದಲ್ಲಿ ತೇಲುತ್ತಿರುವುದರಿಂದ ಸಣ್ಣಪುಟ್ಟ ಅಲುಗಾಟ ಅದಕ್ಕೆ ತಟ್ಟುವುದಿಲ್ಲ.

ಮಿದುಳು ಯಾವುದರಿಂದ ಆಗಿದೆ? ನರಕೋಶಗಳು ಮತ್ತು ಅವುಗಳಿಗೆ ಆಸರೆ, ಆಹಾರ ಒದಗಿಸುವ ಗ್ಲಿಯಾ ಕೋಶಗಳಿಂದ. ನರಕೋಶಗಳ ಸಂಖ್ಯೆ ಹತ್ತು ಸಾವಿರ ಕೋಟಿ ಎಂದು ಬಹುಕಾಲ ಪುಸ್ತಕಗಳಲ್ಲಿ ಬರೆಯುತ್ತಿದ್ದರು. 2009ರಲ್ಲಿ ಬ್ರೆಜಿಲ್ ದೇಶದ ವಿಜ್ಞಾನಿಗಳು ಎಣಿಕೆಯ ಹೊಸ ವಿಧಾನದಿಂದ ಅದು ಸುಮಾರು 8,600 ಕೋಟಿ ಎಂದು ತೋರಿಸಿದರು. ಒಂದೊಂದು ನರಕೋಶವೂ ಸಾವಿರಾರು ಇತರ ಕೋಶಗಳೊಡನೆ ಸಂಪರ್ಕ ಇಟ್ಟುಕೊಂಡಿರುತ್ತದೆ. ಕೋಶದ ಉದ್ದಕ್ಕೂ ಸಂದೇಶ ವಿದ್ಯುತ್ತಿನ ರೂಪದಲ್ಲಿ ಓಡುತ್ತದೆ. ಒಂದು ಕೋಶದಿಂದ ಇನ್ನೊಂದಕ್ಕೆ ದಾಟುವಾಗ ಬಹುತೇಕ ರಾಸಾಯನಿಕದ ರೂಪದಲ್ಲಿ ದಾಟುತ್ತದೆ. ನೀವು ಹೊಸ ಪದವೊಂದನ್ನು ಕಲಿತಾಗ ಬದಲಾಗುವುದು ಮುಖ್ಯವಾಗಿ ಈ ಸಂಪರ್ಕಗಳೇ.

ಈಗ ಭಾಗಗಳನ್ನು ಕೆಳಗಿನಿಂದ ಮೇಲಕ್ಕೆ ನೋಡುತ್ತ ಹೋಗೋಣ.

ಮಿದುಳ ಕಾಂಡ: ಎಚ್ಚರದ ಕಾವಲುಗಾರ

ಬೆನ್ನುಹುರಿ ತಲೆಬುರುಡೆಯನ್ನು ಪ್ರವೇಶಿಸಿದ ಕೂಡಲೆ ದಪ್ಪವಾಗುತ್ತದೆ. ಅದೇ ಮಿದುಳ ಕಾಂಡ. ಇದರಲ್ಲಿ ಮೂರು ಭಾಗಗಳು: ಕೆಳಗೆ ಮೆಡುಲ್ಲಾ, ನಡುವೆ ಪಾನ್ಸ್, ಮೇಲೆ ನಡುಮಿದುಳು. ಉಸಿರಾಟ, ಹೃದಯದ ಬಡಿತ, ರಕ್ತದ ಒತ್ತಡ, ನುಂಗುವುದು, ಕೆಮ್ಮುವುದು, ವಾಂತಿ ಇವೆಲ್ಲವುಗಳ ಹತೋಟಿ ಇಲ್ಲಿದೆ. ನೀವು ಪರೀಕ್ಷೆಯ ಚಿಂತೆಯಲ್ಲಿ ಉಸಿರಾಡುವುದನ್ನು ಮರೆಯುವುದಿಲ್ಲವಲ್ಲ, ಅದಕ್ಕೆ ಕಾರಣ ಮೆಡುಲ್ಲಾ. ನಿದ್ರೆ ಮತ್ತು ಎಚ್ಚರಗಳ ಕೀಲಿಯೂ ಈ ಕಾಂಡದಲ್ಲಿಯೇ ಇದೆ. ಆದ್ದರಿಂದಲೇ ಮಿದುಳ ಕಾಂಡ ಮತ್ತೆ ಚೇತರಿಸದಂತೆ ಪೂರ್ತಿಯಾಗಿ ಸತ್ತಿದೆ ಎಂದು ಪರೀಕ್ಷೆಯಿಂದ ಖಚಿತವಾದಾಗ, ಯಂತ್ರದ ನೆರವಿನಿಂದ ಹೃದಯ ಬಡಿಯುತ್ತಿದ್ದರೂ, ವೈದ್ಯರು ಅದನ್ನು ಮರಣವೆಂದು ಪರಿಗಣಿಸುತ್ತಾರೆ. 1994ರ ಭಾರತದ ಅಂಗಾಂಗ ಕಸಿ ಕಾನೂನು ಇದನ್ನು ಒಪ್ಪಿದೆ.

ಒಂದು ಸಣ್ಣ ಪ್ರಯೋಗ ಮಾಡಿ. ಮಸುಕು ಬೆಳಕಿನ ಕೋಣೆಯಲ್ಲಿ ಗೆಳೆಯನ ಒಂದು ಕಣ್ಣಿಗೆ ಪಕ್ಕದಿಂದ ಸಣ್ಣ ಟಾರ್ಚಿನ ಮಂದ ಬೆಳಕು ಬಿಡಿ. ಆ ಕಣ್ಣಿನ ಪಾಪೆ ಕಿರಿದಾಗುತ್ತದೆ. ಬೆಳಕು ಬೀಳದ ಇನ್ನೊಂದು ಕಣ್ಣಿನ ಪಾಪೆಯೂ ಜೊತೆಯಲ್ಲೇ ಕಿರಿದಾಗುತ್ತದೆ! ಸಂದೇಶ ನಡುಮಿದುಳಿಗೆ ಹೋಗಿ ಎರಡೂ ಕಣ್ಣುಗಳಿಗೆ ಹಿಂದಿರುಗಿದ್ದೇ ಇದಕ್ಕೆ ಕಾರಣ. ಅಪಘಾತದಲ್ಲಿ ಗಾಯಗೊಂಡವರ ಕಣ್ಣಿಗೆ ವೈದ್ಯರು ಮೊದಲು ಟಾರ್ಚ್ ಹಿಡಿಯುವುದು ಏಕೆಂದು ಈಗ ನಿಮಗೆ ತಿಳಿಯಿತು.

ಅನುಮಸ್ತಿಷ್ಕ: ಕೈಹದದ ಗುರು

ಕಾಂಡದ ಹಿಂದೆ, ಹೆಡತಲೆಯ ಮೇಲ್ಭಾಗದಲ್ಲಿ ಕೈಯಿಟ್ಟರೆ ಮೂಳೆಯೊಳಗೆ ಇರುವುದು ಅನುಮಸ್ತಿಷ್ಕ, ಅಂದರೆ ಸೆರೆಬೆಲ್ಲಮ್. ತೂಕದಲ್ಲಿ ಇದು ಇಡೀ ಮಿದುಳಿನ ಹತ್ತನೆಯ ಒಂದು ಪಾಲು ಮಾತ್ರ. ಆದರೆ ಮೇಲೆ ಹೇಳಿದ 8,600 ಕೋಟಿ ನರಕೋಶಗಳಲ್ಲಿ ಸುಮಾರು 6,900 ಕೋಟಿ ಇಲ್ಲಿಯೇ ಇವೆ!

ಇದರ ಕೆಲಸವೇನು? ಚಲನೆಯನ್ನು ಆರಂಭಿಸುವುದಲ್ಲ, ತಿದ್ದುವುದು. ಬಿದರಿ ಕುಶಲಕರ್ಮಿಯನ್ನು ನೋಡಿ. ಸತುವು ಮತ್ತು ತಾಮ್ರ ಬೆರೆಸಿ ಎರಕಹೊಯ್ದ ಹೂದಾನಿಯ ಮೇಲೆ ಆತ ಉಳಿಯಿಂದ ಕೂದಲೆಳೆಯಂಥ ಗೀರು ಕೊರೆಯುತ್ತಾನೆ, ಆ ಗೀರಿನಲ್ಲಿ ಬೆಳ್ಳಿಯ ತಂತಿ ಕೂರಿಸುತ್ತಾನೆ. ಪ್ರತಿಯೊಂದು ಸುತ್ತಿಗೆ ಏಟಿಗೂ ಕೈ ಎಷ್ಟು ಮುಂದೆ ಹೋಗಬೇಕು, ಎಲ್ಲಿ ನಿಲ್ಲಬೇಕು ಎಂಬ ಲೆಕ್ಕ ನಡೆಯುತ್ತಿರಬೇಕು. ಹೊಸಬನ ಕೈ ತಪ್ಪುತ್ತದೆ. ತಪ್ಪಿದಾಗಲೆಲ್ಲ ಅನುಮಸ್ತಿಷ್ಕ ಎಣಿಸಿದ ಚಲನೆಗೂ ಆದ ಚಲನೆಗೂ ಇರುವ ವ್ಯತ್ಯಾಸವನ್ನು ಗುರುತಿಸಿ ಮುಂದಿನ ಏಟನ್ನು ತಿದ್ದುತ್ತದೆ. ವರ್ಷಗಟ್ಟಲೆ ಹೀಗೆ ತಿದ್ದಿ ತಿದ್ದಿ ಬಂದದ್ದನ್ನೇ ನಾವು ‘ಕೈಹದ’ ಎನ್ನುತ್ತೇವೆ. ಸೈಕಲ್ ಕಲಿಯುವುದು, ತಬಲಾ ನುಡಿಸುವುದು, ಜೋಳದ ರೊಟ್ಟಿ ತಟ್ಟುವುದು ಎಲ್ಲದರ ಹಿಂದೆಯೂ ಇದರ ಪಾಲಿದೆ.

ಬೀದರಿನ ಆಕಾಶದಲ್ಲಿ ತರಬೇತಿ ವಿಮಾನಗಳು ಹಾರುವುದನ್ನು ನೀವು ದಿನವೂ ಕಾಣುತ್ತೀರಿ. ವಾಯುಪಡೆಯ ಸೂರ್ಯಕಿರಣ ತಂಡ 1996ರಲ್ಲಿ ರೂಪುಗೊಂಡದ್ದು ಇಲ್ಲಿಯೇ. ವಿಮಾನ ಹೊರಳುವಾಗ ಚಾಲಕನ ಒಳಗಿವಿಯ ಅರ್ಧವರ್ತುಲ ನಾಳಗಳು ತಲೆಯ ತಿರುಗಾಟವನ್ನು ಅಳೆದು ಮಿದುಳ ಕಾಂಡಕ್ಕೂ ಅನುಮಸ್ತಿಷ್ಕಕ್ಕೂ ತಿಳಿಸುತ್ತವೆ. ಆದರೆ ಮೋಡದೊಳಗೆ ದೀರ್ಘಕಾಲ ನಿಧಾನವಾಗಿ ತಿರುಗುತ್ತಿದ್ದರೆ ಈ ನಾಳಗಳು ತಿರುಗಾಟವನ್ನೇ ಗುರುತಿಸದೆ ಹೋಗುತ್ತವೆ. ಚಾಲಕನಿಗೆ ತಾನು ನೇರವಾಗಿ ಹಾರುತ್ತಿದ್ದೇನೆ ಅನಿಸುತ್ತದೆ. ಅದಕ್ಕಾಗಿಯೇ ದೇಹದ ಅನಿಸಿಕೆಯನ್ನು ಬಿಟ್ಟು ಉಪಕರಣಗಳನ್ನು ನಂಬಬೇಕೆಂದು ಚಾಲಕರಿಗೆ ಕಲಿಸುತ್ತಾರೆ.

ನೀವೇ ನೋಡಿ. ಈ ಪುಟವನ್ನು ಕಣ್ಣ ಮುಂದೆ ಹಿಡಿದು ಎಡಕ್ಕೂ ಬಲಕ್ಕೂ ಬೇಗ ಬೇಗ ಅಲುಗಿಸಿ; ಅಕ್ಷರಗಳು ಕಲಸಿಹೋಗುತ್ತವೆ. ಈಗ ಪುಟವನ್ನು ಸ್ಥಿರವಾಗಿಟ್ಟು ಅಷ್ಟೇ ವೇಗದಲ್ಲಿ ನಿಮ್ಮ ತಲೆಯನ್ನು ಅಲುಗಿಸಿ, ಓದಲು ಸಾಧ್ಯವಾಗುತ್ತದೆ! ತಲೆ ತಿರುಗಿದಷ್ಟೂ ಕಣ್ಣುಗುಡ್ಡೆ ವಿರುದ್ಧ ದಿಕ್ಕಿಗೆ ತಿರುಗುವಂತೆ ಮಿದುಳ ಕಾಂಡ ನೋಡಿಕೊಳ್ಳುತ್ತದೆ. ಆ ಹೊಂದಾಣಿಕೆ ಕೆಡದಂತೆ ಅನುಮಸ್ತಿಷ್ಕ ತಿದ್ದುತ್ತಿರುತ್ತದೆ. ಮದ್ಯ ಅನುಮಸ್ತಿಷ್ಕವನ್ನು ಬೇಗ ಕೆಡಿಸುತ್ತದೆ. ಕುಡಿದವನು ತೂರಾಡುವುದು, ಅವನ ನಾಲಿಗೆ ತೊದಲುವುದು ಇದರಿಂದಲೇ.

ಥೆಲಾಮಸ್ ಮತ್ತು ಹೈಪೋಥೆಲಾಮಸ್

ಕಾಂಡದ ಮೇಲೆ, ಮಿದುಳಿನ ನಟ್ಟನಡುವೆ ಎರಡು ಮೊಟ್ಟೆಗಳಂತೆ ಥೆಲಾಮಸ್ ಇದೆ. ಕಣ್ಣು, ಕಿವಿ, ನಾಲಿಗೆ, ಚರ್ಮಗಳಿಂದ ಬರುವ ಸುದ್ದಿ ಮೊದಲು ಇಲ್ಲಿಗೆ ಬಂದು, ವಿಂಗಡವಾಗಿ ಮೇಲೆ ಹೋಗುತ್ತದೆ. ವಾಸನೆಯೊಂದು ಮಾತ್ರ ಇಲ್ಲಿ ನಿಲ್ಲದೆ ನೇರವಾಗಿ ನೆನಪು, ಭಾವನೆಗಳ ಭಾಗಕ್ಕೆ ಹೋಗಬಲ್ಲದು. ಮೊದಲ ಮಳೆಯ ಮಣ್ಣಿನ ವಾಸನೆ ಥಟ್ಟನೆ ಹಳೆಯ ನೆನಪು ತರುವುದಕ್ಕೆ ಇದೂ ಒಂದು ಕಾರಣವಿರಬಹುದು.

ಥೆಲಾಮಸ್ಸಿನ ಕೆಳಗಿರುವುದು ಹೈಪೋಥೆಲಾಮಸ್. ಗಾತ್ರದಲ್ಲಿ ಬಾದಾಮಿಯಷ್ಟು, ಜವಾಬ್ದಾರಿಯಲ್ಲಿ ಒಂದು ಸಂಸಾರದಷ್ಟು. ಹಸಿವು, ಬಾಯಾರಿಕೆ, ದೇಹದ ಉಷ್ಣತೆ, ನಿದ್ರೆಯ ವೇಳಾಪಟ್ಟಿ ಇದರ ಕೈಯಲ್ಲಿವೆ. ಏಪ್ರಿಲ್ ತಿಂಗಳ ಮಧ್ಯಾಹ್ನ ಹೊರಗೆ 40 ಡಿಗ್ರಿ ಸೆಲ್ಸಿಯಸ್ ಇದ್ದರೂ ನಿಮ್ಮ ಮೈ 37 ಡಿಗ್ರಿಯ ಆಸುಪಾಸಿನಲ್ಲೇ ಇರುವಂತೆ ಬೆವರು ಹರಿಸುವುದು, ನೀರು ಕುಡಿಯುವಂತೆ ಮಾಡುವುದು ಇದೇ. ಕೆಳಗೆ ತೂಗುವ ಪಿಟ್ಯುಟರಿ ಗ್ರಂಥಿಯ ಮೂಲಕ ಬೆಳವಣಿಗೆ, ಪ್ರಾಯಗಳ ಹಾರ್ಮೋನುಗಳನ್ನೂ ಇದು ನಿಯಂತ್ರಿಸುತ್ತದೆ.

ಮಹಾಮಸ್ತಿಷ್ಕ ಮತ್ತು ಅದರ ನಾಲ್ಕು ಹಾಲೆಗಳು

ಈಗ ಎಲ್ಲಕ್ಕಿಂತ ದೊಡ್ಡದಾದ ಮಹಾಮಸ್ತಿಷ್ಕಕ್ಕೆ ಬರೋಣ. ಇದು ಎಡ, ಬಲ ಎಂಬ ಎರಡು ಅರ್ಧಗೋಲಗಳಾಗಿದೆ. ಎರಡನ್ನೂ ನರತಂತುಗಳ ದಪ್ಪ ಸೇತುವೆಯೊಂದು ಕೂಡಿಸುತ್ತದೆ. ಮೇಲಿನ ತೊಗಟೆ, ಅಂದರೆ ಕಾರ್ಟೆಕ್ಸ್, ಎರಡರಿಂದ ನಾಲ್ಕು ಮಿಲಿಮೀಟರ್ ದಪ್ಪ ಅಷ್ಟೆ. ಅದನ್ನು ಬಿಡಿಸಿ ಹರಡಿದರೆ ದಿನಪತ್ರಿಕೆಯ ಒಂದು ಪುಟದಷ್ಟು ಅಥವಾ ಇನ್ನೂ ಸ್ವಲ್ಪ ದೊಡ್ಡದಾದೀತು. ಅಷ್ಟನ್ನು ಬುರುಡೆಯೊಳಗೆ ತುಂಬಲು ಸುಕ್ಕುಗಟ್ಟಿಸಿ ಮಡಿಸಿಡಲಾಗಿದೆ. ಅಕ್ರೋಟಿನ ತಿರುಳಿನಂತೆ ಕಾಣುವುದು ಅದಕ್ಕೇ.

ಇನ್ನೊಂದು ವಿಚಿತ್ರ: ಎಡ ಅರ್ಧಗೋಲ ದೇಹದ ಬಲಭಾಗವನ್ನೂ, ಬಲ ಅರ್ಧಗೋಲ ಎಡಭಾಗವನ್ನೂ ಆಳುತ್ತದೆ. ಆದ್ದರಿಂದ ಮಿದುಳಿನ ಎಡಕ್ಕೆ ಪೆಟ್ಟಾದರೆ ಬಲಗೈ, ಬಲಗಾಲು ಸೋಲುತ್ತವೆ.

ಪ್ರತಿ ಅರ್ಧಗೋಲದಲ್ಲಿ ನಾಲ್ಕು ಹಾಲೆಗಳಿವೆ.

ಹಿಂದಿನ ಹಾಲೆಯ ಕೆಲಸ ನೋಡುವುದು. ಕಣ್ಣು ಮುಂದಿದ್ದರೂ ಕಾಣುವ ಕೆಲಸ ತಲೆಯ ಹಿಂದೆ ನಡೆಯುತ್ತದೆ! ಹಿಂದಲೆಗೆ ಪೆಟ್ಟು ಬಿದ್ದಾಗ ಕಣ್ಣಮುಂದೆ ಮಿಂಚು ಕಂಡದ್ದು ನೆನಪಿದೆಯೇ? ಆಗ ಕದಲಿದ್ದು ಈ ಹಾಲೆ.

ನಡುನೆತ್ತಿಯ ಎರಡು ಪಕ್ಕಗಳಲ್ಲಿರುವುದು ಮೇಲಿನ ಹಾಲೆ. ಸ್ಪರ್ಶ, ನೋವು, ದೇಹದ ಅಂಗಗಳು ಎಲ್ಲಿವೆ ಎಂಬ ಅರಿವು, ದಿಕ್ಕು, ಲೆಕ್ಕ ಇವು ಇಲ್ಲಿವೆ. ಇದರ ಮುಂದಂಚಿನಲ್ಲಿ ಇಡೀ ದೇಹದ ನಕ್ಷೆಯೇ ಇದೆ. ಆ ನಕ್ಷೆಯಲ್ಲಿ ಬೆನ್ನಿಗೆ ಸಿಕ್ಕಿರುವುದು ಸಣ್ಣ ಜಾಗ. ತುಟಿ, ನಾಲಿಗೆ, ಬೆರಳ ತುದಿಗಳಿಗೆ ಸಿಕ್ಕಿರುವುದು ಬಹು ದೊಡ್ಡ ಜಾಗ. ಬೆರಳ ತುದಿಯಿಂದ ನಾಣ್ಯದ ಬೆಲೆ ಗುರುತಿಸಬಲ್ಲಿರಿ, ಬೆನ್ನಿನಿಂದ ಸಾಧ್ಯವಿಲ್ಲ.

ಕಿವಿಯ ಮೇಲ್ಗಡೆ, ಕಪಾಲದ ಪಕ್ಕದಲ್ಲಿರುವುದು ಪಕ್ಕದ ಹಾಲೆ. ಕೇಳುವುದು, ಮುಖಗಳನ್ನು ಗುರುತಿಸುವುದು ಇದರ ಕೆಲಸ. ಇದರ ಒಳಮಡಿಕೆಯಲ್ಲಿ ಕಡಲಕುದುರೆಯ ಆಕಾರದ ಹಿಪ್ಪೋಕ್ಯಾಂಪಸ್ ಎಂಬ ಭಾಗವಿದೆ. ಅದು ಏನು ಮಾಡುತ್ತದೆಂದು ಜಗತ್ತಿಗೆ ತಿಳಿದದ್ದು ಒಬ್ಬ ಮನುಷ್ಯನ ನಷ್ಟದಿಂದ. ಅಮೆರಿಕದ ಹೆನ್ರಿ ಮೊಲೈಸನ್‌ಗೆ ತೀವ್ರ ಅಪಸ್ಮಾರವಿತ್ತು. 1953ರಲ್ಲಿ, ಆತನ 27ನೆಯ ವಯಸ್ಸಿನಲ್ಲಿ, ಎರಡೂ ಕಡೆಯ ಹಿಪ್ಪೋಕ್ಯಾಂಪಸ್‌ನ ಹೆಚ್ಚಿನ ಭಾಗವನ್ನು ತೆಗೆದರು. ಅಪಸ್ಮಾರ ಕಡಿಮೆಯಾಯಿತು. ಆದರೆ ಅಂದಿನಿಂದ 2008ರಲ್ಲಿ ತೀರಿಕೊಳ್ಳುವವರೆಗೆ ಆತನಿಗೆ ಹೊಸ ಘಟನೆಗಳು ನೆನಪಿನಲ್ಲಿ ಉಳಿಯಲೇ ಇಲ್ಲ. ಅರ್ಧ ಗಂಟೆ ಮಾತನಾಡಿದ ವೈದ್ಯೆ ಹೊರಗೆ ಹೋಗಿ ಬಂದರೆ ಮತ್ತೆ ಹೊಸಬರೇ. ವಿಶೇಷವೆಂದರೆ, ಕನ್ನಡಿಯಲ್ಲಿ ನೋಡುತ್ತ ನಕ್ಷತ್ರ ಬರೆಯುವ ಕೈಚಳಕವನ್ನು ಆತ ದಿನದಿಂದ ದಿನಕ್ಕೆ ಚೆನ್ನಾಗಿ ಕಲಿತ; ಕಲಿತದ್ದು ಮಾತ್ರ ಆತನಿಗೆ ಗೊತ್ತಿರಲಿಲ್ಲ! ಅಂದರೆ ನೆನಪು ಒಂದೇ ಬಗೆಯದಲ್ಲ. ಘಟನೆಯ ನೆನಪು ಬೇರೆ, ಕೈಯ ನೆನಪು ಬೇರೆ.

ಕೊನೆಯದು ಹಣೆಯ ಹಿಂದಿರುವ ಮುಂದಿನ ಹಾಲೆ. ಎಲ್ಲಕ್ಕಿಂತ ದೊಡ್ಡದು. ಅಂಗಾಂಗಗಳಿಗೆ ಚಲಿಸುವ ಆಜ್ಞೆ ಹೊರಡುವುದು ಇದರ ಹಿಂದಂಚಿನಿಂದ. ಮುಂಭಾಗದಲ್ಲಿ ಯೋಜನೆ, ತಾಳ್ಮೆ, ವಿವೇಚನೆ, ಆಸೆಗೆ ಕಡಿವಾಣ ಇವುಗಳ ವಾಸ. 1848ರ ಸೆಪ್ಟೆಂಬರ್ 13ರಂದು ಅಮೆರಿಕದಲ್ಲಿ ರೈಲು ದಾರಿಯ ಕೆಲಸ ಮಾಡಿಸುತ್ತಿದ್ದ ಫಿನಿಯಾಸ್ ಗೇಜ್ ಎಂಬಾತನ ತಲೆಯನ್ನು, ಸಿಡಿಮದ್ದು ಸಿಡಿದು ಹಾರಿದ ಒಂದು ಮೀಟರಿಗೂ ಉದ್ದದ ಕಬ್ಬಿಣದ ಸಲಾಕೆ ತೂರಿಕೊಂಡು ಹೋಯಿತು. ಆತ ಬದುಕಿದ, ಮಾತಾಡಿದ, ನಡೆದಾಡಿದ. ಆದರೆ ಹಿಂದೆ ಸೌಮ್ಯನೂ ಜವಾಬ್ದಾರನೂ ಆಗಿದ್ದವನು ಒರಟನೂ ಚಂಚಲನೂ ಆದನೆಂದು ಆತನ ವೈದ್ಯರು ಬರೆದಿಟ್ಟರು. ಮುಂದೆ ಕೆಲವು ವರ್ಷಗಳಲ್ಲಿ ಆತ ಕುದುರೆಗಾಡಿ ಓಡಿಸುವ ಕೆಲಸ ಮಾಡುವಷ್ಟು ಸುಧಾರಿಸಿದ ಎಂಬುದನ್ನೂ ಮರೆಯಬಾರದು.

ಈ ಮುಂದಿನ ಹಾಲೆ ಪೂರ್ತಿ ಬಲಿಯುವುದು ಇಪ್ಪತ್ತರ ಹರೆಯದ ನಡುವೆ. ಹದಿನಾರರ ವಯಸ್ಸಿನಲ್ಲಿ ಬೈಕಿನ ವೇಗ ರೋಮಾಂಚನ ತರುತ್ತದೆ, ಅಪಾಯ ಕಣ್ಣಿಗೆ ಬೀಳುವುದಿಲ್ಲ. ಅದಕ್ಕೆ ಇದೂ ಒಂದು ಕಾರಣ. ಹಿರಿಯರು ‘ಸ್ವಲ್ಪ ಯೋಚಿಸು’ ಎಂದಾಗ ಅವರು ನಿಮ್ಮ ಮುಂದಿನ ಹಾಲೆಯ ಕೆಲಸವನ್ನು ಸ್ವಲ್ಪಕಾಲ ತಾವು ಹೊರುತ್ತಿದ್ದಾರೆ ಎಂದು ತಿಳಿಯಿರಿ.

ಇಲ್ಲಿ ಎರಡು ತಪ್ಪು ತಿಳಿವಳಿಕೆಗಳನ್ನು ಬಿಡೋಣ. ನಾವು ಮಿದುಳಿನ ನೂರಕ್ಕೆ ಹತ್ತು ಭಾಗ ಮಾತ್ರ ಬಳಸುತ್ತೇವೆ ಎಂಬುದು ಸುಳ್ಳು. ಎಲ್ಲ ಭಾಗಗಳೂ ಕೆಲಸ ಮಾಡುತ್ತವೆ. ಒಬ್ಬ ಎಡಮಿದುಳಿನ ಲೆಕ್ಕಿಗ, ಇನ್ನೊಬ್ಬ ಬಲಮಿದುಳಿನ ಕಲಾವಿದ ಎಂಬ ವಿಂಗಡಣೆಗೂ ಆಧಾರವಿಲ್ಲ.

ಮಾತು ಎಲ್ಲಿದೆ?

1861ರಲ್ಲಿ ಪ್ಯಾರಿಸ್ಸಿನ ವೈದ್ಯ ಪಾಲ್ ಬ್ರೋಕಾ ಅವರ ಬಳಿ ಒಬ್ಬ ರೋಗಿ ಬಂದ. ಆತನಿಗೆ ಬಹುಮಟ್ಟಿಗೆ ಎಲ್ಲ ಅರ್ಥವಾಗುತ್ತಿತ್ತು, ಆದರೆ ಬಾಯಿಂದ ‘ಟ್ಯಾನ್’ ಎಂಬ ಒಂದೇ ಸದ್ದು ಹೊರಡುತ್ತಿತ್ತು. ಆತ ತೀರಿಕೊಂಡ ಮೇಲೆ ನೋಡಿದಾಗ ಎಡ ಮುಂದಿನ ಹಾಲೆಯ ಕೆಳಭಾಗ ಕೆಟ್ಟಿತ್ತು. ಅದನ್ನೇ ಬ್ರೋಕಾ ಪ್ರದೇಶ ಎನ್ನುತ್ತಾರೆ. 1874ರಲ್ಲಿ ಜರ್ಮನಿಯ ಕಾರ್ಲ್ ವರ್ನಿಕೆ ಎಡ ಪಕ್ಕದ ಹಾಲೆಯ ಹಿಂಭಾಗದಲ್ಲಿ ಇನ್ನೊಂದು ಪ್ರದೇಶವನ್ನು ಗುರುತಿಸಿದರು. ಅದು ಕೆಟ್ಟರೆ ಮಾತು ಸರಾಗವಾಗಿ ಹರಿಯುತ್ತದೆ, ಅರ್ಥವಿರುವುದಿಲ್ಲ. ಇತರರ ಮಾತೂ ತಿಳಿಯುವುದಿಲ್ಲ. ಮಾತು ಈ ಎರಡು ಸ್ಥಳಗಳಿಗಷ್ಟೇ ಸೀಮಿತವಲ್ಲ, ಎಡ ಅರ್ಧಗೋಲದ ವಿಶಾಲವಾದ ಜಾಲವೊಂದು ಅದರಲ್ಲಿ ತೊಡಗುತ್ತದೆ ಎಂದು ಇಂದು ತಿಳಿದಿದೆ.

ಹಾಗಾದರೆ ನಾಲ್ಕು ಭಾಷೆ ಬಲ್ಲವರಿಗೆ ನಾಲ್ಕು ಕೋಣೆಗಳಿವೆಯೇ? ಇಲ್ಲ. ಎಲ್ಲ ಭಾಷೆಗಳೂ ಬಹುಮಟ್ಟಿಗೆ ಒಂದೇ ಜಾಲವನ್ನು ಹಂಚಿಕೊಳ್ಳುತ್ತವೆ. ನೀವು ಕನ್ನಡ ಮಾತಾಡುವಾಗ ಮರಾಠಿ, ಉರ್ದು ಪದಗಳೂ ಒಳಗೆ ಎಚ್ಚರವಾಗಿಯೇ ಇರುತ್ತವೆ. ಬೇಡದ್ದನ್ನು ತಡೆಹಿಡಿದು ಬೇಕಾದ್ದನ್ನು ಹೊರಬಿಡುವುದು ಮುಂದಿನ ಹಾಲೆಯ ಕೆಲಸ. ಹೀಗೆ ದಿನಕ್ಕೆ ನೂರಾರು ಬಾರಿ ಭಾಷೆ ಬದಲಿಸುವವರಿಗೆ ಈ ಹತೋಟಿಯ ಅಭ್ಯಾಸ ಆಗುತ್ತಲೇ ಇರುತ್ತದೆ.

ಇದರಿಂದ ಪ್ರಯೋಜನವಿದೆಯೇ? ಈ ಪ್ರಶ್ನೆಗೆ ದೊಡ್ಡದೊಂದು ಉತ್ತರ ಬಂದದ್ದು ಬೀದರಿಗೆ ಹತ್ತಿರದ ಹೈದರಾಬಾದಿನಿಂದ. 1956ರವರೆಗೆ ಬೀದರ್ ಜಿಲ್ಲೆ ಹೈದರಾಬಾದ್ ರಾಜ್ಯದಲ್ಲಿಯೇ ಇತ್ತು. ಎರಡೂ ಕಡೆ ಬಹುಭಾಷೆಯ ಬದುಕು ಒಂದೇ ಬಗೆಯದು. ಅಲ್ಲಿನ ನಿಜಾಮ್ಸ್ ವೈದ್ಯವಿಜ್ಞಾನ ಸಂಸ್ಥೆಯಲ್ಲಿ ನರವೈದ್ಯೆ ಡಾ. ಸುವರ್ಣಾ ಅಲ್ಲಾಡಿ ಮತ್ತು ಸಂಗಡಿಗರು ಮರೆವಿನ ರೋಗದ 648 ಮಂದಿಯನ್ನು ಪರೀಕ್ಷಿಸಿದರು. ಅವರಲ್ಲಿ 391 ಮಂದಿ ಒಂದಕ್ಕಿಂತ ಹೆಚ್ಚು ಭಾಷೆ ಬಲ್ಲವರು. ಒಂದೇ ಭಾಷೆಯವರಿಗಿಂತ ಇವರಿಗೆ ರೋಗ ಸುಮಾರು ನಾಲ್ಕೂವರೆ ವರ್ಷ ತಡವಾಗಿ ಆರಂಭವಾಗಿತ್ತು. ಫಲಿತಾಂಶ 2013ರಲ್ಲಿ ಪ್ರಕಟವಾಯಿತು. ಶಾಲೆಗೇ ಹೋಗದವರಲ್ಲೂ ಈ ವ್ಯತ್ಯಾಸ ಕಂಡಿತು ಎಂಬುದು ಮುಖ್ಯ. ಎರಡಕ್ಕಿಂತ ಹೆಚ್ಚು ಭಾಷೆ ಬಲ್ಲವರಿಗೆ ಹೆಚ್ಚಿನ ಲಾಭವೇನೂ ಕಾಣಲಿಲ್ಲ. 2016ರಲ್ಲಿ ಅವರೇ ಪಾರ್ಶ್ವವಾಯುವಿನ 608 ರೋಗಿಗಳನ್ನು ನೋಡಿದಾಗ, ಬುದ್ಧಿಶಕ್ತಿ ಮೊದಲಿನಂತೆಯೇ ಉಳಿದವರು ಎರಡು ಭಾಷೆ ಬಲ್ಲವರಲ್ಲಿ ನೂರಕ್ಕೆ 40 ಮಂದಿ, ಒಂದೇ ಭಾಷೆಯವರಲ್ಲಿ ನೂರಕ್ಕೆ ಸುಮಾರು 20 ಮಂದಿ. ಬೇರೆ ದೇಶಗಳ ಎಲ್ಲ ಅಧ್ಯಯನಗಳೂ ಇದನ್ನೇ ಹೇಳಿಲ್ಲ. ವಿಜ್ಞಾನಿಗಳ ಚರ್ಚೆ ಮುಂದುವರಿದಿದೆ. ಭಾಷೆ ರೋಗವನ್ನು ತಡೆಯುವ ಲಸಿಕೆಯಲ್ಲ. ಆದರೆ ಹಲವು ಭಾಷೆ ಕಲಿತರೆ ಮಗುವಿನ ತಲೆ ಕೆಡುತ್ತದೆ ಎಂಬ ಹಳೆಯ ಭಯಕ್ಕೆ ಆಧಾರವಿಲ್ಲವೆಂಬುದು ಮಾತ್ರ ಸ್ಪಷ್ಟ.

ಭಾಲ್ಕಿಯವರಿಗೆ ಇದನ್ನು ಬೇರೆ ಹೇಳಬೇಕಿಲ್ಲ. ನಿಜಾಮರ ಆಳ್ವಿಕೆಯಲ್ಲಿ ಹೊರಗೆ ಉರ್ದು ಫಲಕ ಹಾಕಿ ಒಳಗೆ ಕನ್ನಡ ಕಲಿಸಿದವರು ಭಾಲ್ಕಿ ಹಿರೇಮಠದ ಡಾ. ಚನ್ನಬಸವ ಪಟ್ಟದ್ದೇವರು. ಶತಾಯುಷಿಗಳಾಗಿ ಬಾಳಿ 1999ರಲ್ಲಿ ಲಿಂಗೈಕ್ಯರಾದ ಅವರು ಈ ಗಡಿನಾಡಿನಲ್ಲಿ ಕನ್ನಡವನ್ನು ಉಳಿಸಿದ್ದು ಇತರ ಭಾಷೆಗಳನ್ನು ದ್ವೇಷಿಸಿ ಅಲ್ಲ. ಔರಾದಿನ ಹುಡುಗಿಯೊಬ್ಬಳು ಮನೆಯಲ್ಲಿ ಮರಾಠಿ, ಶಾಲೆಯಲ್ಲಿ ಕನ್ನಡ, ಅಂಗಡಿಯಲ್ಲಿ ಉರ್ದು ಮಾತಾಡುತ್ತಿದ್ದರೆ ಅವಳು ನಾಚಿಕೊಳ್ಳಬೇಕಾದ್ದೇನೂ ಇಲ್ಲ.

ಇಲ್ಲಿಯೇ ಒಂದು ಎಚ್ಚರಿಕೆ. ಹಲವು ಭಾಷೆ ಬಲ್ಲವರಿಗೆ ಪಾರ್ಶ್ವವಾಯುವಿನಿಂದ ಮಾತು ಹೋದಾಗ ಎಲ್ಲ ಭಾಷೆಗಳೂ ಒಂದೇ ರೀತಿ ಹಿಂದಿರುಗುವುದಿಲ್ಲ. ಕೆಲವರಲ್ಲಿ ಮೊದಲು ಕಲಿತದ್ದು, ಕೆಲವರಲ್ಲಿ ಹೆಚ್ಚು ಬಳಸಿದ್ದು ಮೊದಲು ಬರುತ್ತದೆ. ಕನ್ನಡದಲ್ಲಿ ಕೇಳಿದ್ದಕ್ಕೆ ಉತ್ತರಿಸದ ಅಜ್ಜಿ ಮರಾಠಿಯಲ್ಲಿ ಕೇಳಿದರೆ ಉತ್ತರಿಸಿಯಾಳು. ಆದ್ದರಿಂದ ಆಸ್ಪತ್ರೆಗೆ ಹೋದಾಗ ಮನೆಯವರು ‘ಇವರಿಗೆ ಇಂತಿಂಥ ಭಾಷೆಗಳು ಬರುತ್ತವೆ’ ಎಂದು ವೈದ್ಯರಿಗೆ ಮರೆಯದೆ ಹೇಳಬೇಕು. ಇದನ್ನು ಹೇಳಬಲ್ಲವರು ಮನೆಯಲ್ಲಿ ಓದಿದ ಮಕ್ಕಳಾದ ನೀವೇ.

ನೀವು ಮಾಡಬಹುದಾದ ಮೂರು ಕೆಲಸಗಳು

ಮೊದಲನೆಯದು ಪಾರ್ಶ್ವವಾಯು, ಅಂದರೆ ಲಕ್ವ. ಮಿದುಳಿನ ರಕ್ತನಾಳ ಕಟ್ಟಿಕೊಂಡರೆ ಅಥವಾ ಒಡೆದರೆ ಇದು ಬರುತ್ತದೆ. ಮೂರು ಗುರುತುಗಳನ್ನು ನೆನಪಿಡಿ: ನಗಲು ಹೇಳಿ, ಬಾಯಿ ಒಂದು ಕಡೆಗೆ ಎಳೆದಿದೆಯೇ ನೋಡಿ; ಎರಡೂ ಕೈ ಎತ್ತಲು ಹೇಳಿ, ಒಂದು ಕೈ ಜಾರುತ್ತದೆಯೇ ನೋಡಿ; ಒಂದು ವಾಕ್ಯ ಹೇಳಿಸಿ, ಮಾತು ತೊದಲುತ್ತದೆಯೇ ನೋಡಿ. ಇವುಗಳಲ್ಲಿ ಒಂದು ಕಂಡರೂ ಗಡಿಯಾರ ನೋಡಿ, 108ಕ್ಕೆ ಕರೆ ಮಾಡಿ. ನಾಳದಲ್ಲಿ ಕಟ್ಟಿಕೊಂಡ ಹೆಪ್ಪನ್ನು ಕರಗಿಸುವ ಔಷಧವನ್ನು ಸಾಮಾನ್ಯವಾಗಿ ನಾಲ್ಕೂವರೆ ಗಂಟೆಯೊಳಗೆ ಕೊಡಬೇಕು. ಅದಕ್ಕೆ ಮುಂಚೆ ಸಿ.ಟಿ. ಸ್ಕ್ಯಾನ್ ಆಗಬೇಕು. ಔರಾದಿನಿಂದಾಗಲಿ ಭಾಲ್ಕಿಯಿಂದಾಗಲಿ ಬೀದರಿಗೆ ಸುಮಾರು ನಲವತ್ತು ಕಿಲೋಮೀಟರ್. ದಾರಿಗೆ ಒಂದು ಗಂಟೆ ಹೋದರೂ ವೇಳೆ ಉಳಿಯುತ್ತದೆ. ದೃಷ್ಟಿ ತೆಗೆಯುವುದರಲ್ಲಿ, ಎಣ್ಣೆ ತಿಕ್ಕುವುದರಲ್ಲಿ, ‘ಬೆಳಗಾಗಲಿ ನೋಡೋಣ’ ಎಂದು ಕಾಯುವುದರಲ್ಲಿ ಕಳೆದ ವೇಳೆ ಮಾತ್ರ ಹಿಂದಿರುಗುವುದಿಲ್ಲ. ಬಾಯಿ ಸೊಟ್ಟಗಾದವರಿಗೆ ನೀರು, ಔಷಧ ಏನನ್ನೂ ಕುಡಿಸಬೇಡಿ. ಅದು ಶ್ವಾಸಕೋಶಕ್ಕೆ ಇಳಿದೀತು.

ಎರಡನೆಯದು ಅಪಸ್ಮಾರ, ಅಂದರೆ ಮೂರ್ಛೆರೋಗ. ನರಕೋಶಗಳ ಗುಂಪೊಂದು ಹತೋಟಿ ತಪ್ಪಿ ಒಮ್ಮೆಗೇ ವಿದ್ಯುತ್ ಹರಿಸಿದಾಗ ಇದು ಬರುತ್ತದೆ. ದೆವ್ವವೂ ಅಲ್ಲ, ಶಾಪವೂ ಅಲ್ಲ, ಅಂಟುರೋಗವೂ ಅಲ್ಲ. ಬೆಂಗಳೂರು ನಗರ ಮತ್ತು ಗ್ರಾಮಾಂತರದಲ್ಲಿ ನಿಮ್ಹಾನ್ಸ್ ಸಂಸ್ಥೆ ಒಂದು ಲಕ್ಷಕ್ಕೂ ಹೆಚ್ಚು ಜನರ ಸಮೀಕ್ಷೆ ನಡೆಸಿದಾಗ ಸಾವಿರಕ್ಕೆ ಸುಮಾರು 9 ಮಂದಿಗೆ ಇದು ಕಂಡುಬಂತು. ಹಳ್ಳಿಗಳಲ್ಲಿ ಸುಮಾರು 12, ನಗರದಲ್ಲಿ ಸುಮಾರು 6. ಇದರಲ್ಲಿ ನಮ್ಮ ರಾಜ್ಯಕ್ಕೆ ವಿಶೇಷವಾದ ಒಂದು ಬಗೆಯಿದೆ. ದಕ್ಷಿಣ ಕರ್ನಾಟಕದಲ್ಲಿ ಕೆಲವರಿಗೆ ತಲೆಯ ಮೇಲೆ ತಂಬಿಗೆಯಿಂದ ಬಿಸಿನೀರು ಹೊಯ್ದುಕೊಳ್ಳುವಾಗ ಮೂರ್ಛೆ ಬರುತ್ತದೆ. ನಿಮ್ಹಾನ್ಸ್‌ನ ಡಾ. ಪಿ. ಸತೀಶ್‌ಚಂದ್ರ ಮತ್ತು ಸಂಗಡಿಗರು 1988ರಲ್ಲಿ ಇಂಥ 279 ಮಂದಿಯ ವಿವರ ಪ್ರಕಟಿಸಿದರು. ನೀರಿನ ಬಿಸಿ ಇಳಿಸಿದರೆ, ಬೇಕಾದವರಿಗೆ ಮಾತ್ರೆ ಕೊಟ್ಟರೆ ಹೆಚ್ಚಿನವರಲ್ಲಿ ಇದು ಹತೋಟಿಗೆ ಬರುತ್ತದೆ.

ಯಾರಿಗಾದರೂ ಫಿಟ್ಸ್ ಬಂದರೆ ಕೈಗೆ ಕಬ್ಬಿಣ ಕೊಡಬೇಡಿ, ಚಪ್ಪಲಿ, ಈರುಳ್ಳಿ ಮೂಸಿಸಬೇಡಿ, ಹಲ್ಲಿನ ನಡುವೆ ಚಮಚ ತುರುಕಬೇಡಿ. ಸುತ್ತಲಿನ ಕಲ್ಲು, ಬೆಂಕಿ ಸರಿಸಿ, ತಲೆಯ ಕೆಳಗೆ ಮೆತ್ತನೆಯದನ್ನು ಇಡಿ, ಅದುರುವುದು ನಿಂತೊಡನೆ ಒಂದು ಮಗ್ಗುಲಿಗೆ ಹೊರಳಿಸಿ. ಐದು ನಿಮಿಷ ಮೀರಿದರೆ ಆಸ್ಪತ್ರೆಗೆ ಒಯ್ಯಿರಿ. ನಿಮ್ಮ ತರಗತಿಯಲ್ಲಿ ಈ ತೊಂದರೆ ಇರುವ ಗೆಳತಿಯಿದ್ದರೆ ಅವಳ ಪಕ್ಕದಲ್ಲಿಯೇ ಕುಳಿತುಕೊಳ್ಳಿ. ಹೆಚ್ಚಿನವರು ಮಾತ್ರೆ ತಪ್ಪಿಸದಿದ್ದರೆ ಎಲ್ಲರಂತೆ ಓದಿ, ದುಡಿದು, ಮದುವೆಯಾಗಿ ಬಾಳಬಲ್ಲರು.

ಮೂರನೆಯದು ತಲೆಗೆ ಬೀಳುವ ಪೆಟ್ಟು. ಓಡುವ ಬೈಕ್ ಥಟ್ಟನೆ ನಿಂತಾಗ ಬುರುಡೆ ನಿಲ್ಲುತ್ತದೆ, ಒಳಗೆ ತೇಲುವ ಮಿದುಳು ಮಾತ್ರ ಮುಂದೆ ಹೋಗಿ ಗೋಡೆಗೆ ಅಪ್ಪಳಿಸುತ್ತದೆ. ಸೆಟೆದು ಹರಿದ ನರತಂತುಗಳು ಮತ್ತೆ ಸುಲಭವಾಗಿ ಕೂಡಿಕೊಳ್ಳುವುದಿಲ್ಲ. ಹೆಲ್ಮೆಟ್ ಧರಿಸಿದರೆ ತಲೆಯ ಗಾಯದ ಅಪಾಯ ನೂರಕ್ಕೆ ಸುಮಾರು 69ರಷ್ಟು, ಸಾವಿನ ಅಪಾಯ ಸುಮಾರು 42ರಷ್ಟು ಇಳಿಯುತ್ತದೆಂದು ಹಲವು ದೇಶಗಳ ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದ್ದಾರೆ. ಹಿಂದೆ ಕುಳಿತವರಿಗೂ ಅದು ಬೇಕು. ಪಟ್ಟಿ ಬಿಗಿಯದ ಹೆಲ್ಮೆಟ್ ಟೋಪಿಗೆ ಸಮ.

ನೆರವು ಎಲ್ಲಿ ದೊರೆಯುತ್ತದೆ? ಬೀದರ್ ವೈದ್ಯಕೀಯ ವಿಜ್ಞಾನ ಸಂಸ್ಥೆ 2007ರಿಂದ ನಗರದಲ್ಲಿಯೇ ಇದೆ. 1974ರಲ್ಲಿ ರೂಪುಗೊಂಡ ಬೆಂಗಳೂರಿನ ನಿಮ್ಹಾನ್ಸ್ ದೇಶಕ್ಕೇ ಹೆಸರಾದದ್ದು. ನಿಮ್ಹಾನ್ಸ್ ಮತ್ತು ರಾಜ್ಯ ಸರ್ಕಾರ ಸೇರಿ 2022ರಲ್ಲಿ ಜಿಲ್ಲಾ ಮಟ್ಟದ ಮಿದುಳು ಆರೋಗ್ಯ ಯೋಜನೆಯನ್ನು ಆರಂಭಿಸಿದವು. ನಿಮ್ಹಾನ್ಸ್‌ನ ಮಿದುಳು ವಸ್ತುಸಂಗ್ರಹಾಲಯದಲ್ಲಿ ವಿದ್ಯಾರ್ಥಿಗಳು ನಿಜವಾದ ಮಿದುಳನ್ನು ಕೈಯಲ್ಲಿ ಹಿಡಿದು ನೋಡಬಹುದು. ಡಾ. ಎಸ್. ಕೆ. ಶಂಕರ್ ಅವರು ಬೆಳೆಸಿದ ಈ ಸಂಗ್ರಹ ಇರುವುದು ತಮ್ಮವರನ್ನು ಕಳೆದುಕೊಂಡ ಕುಟುಂಬಗಳು ದುಃಖದ ಗಳಿಗೆಯಲ್ಲಿ ಮಾಡಿದ ದಾನದಿಂದ. ಶೈಕ್ಷಣಿಕ ಪ್ರವಾಸಕ್ಕೆ ಬೆಂಗಳೂರಿಗೆ ಹೋದಾಗ ಅಧ್ಯಾಪಕರಿಗೆ ಹೇಳಿ ಅಲ್ಲಿಗೂ ಹೋಗಿ ಬನ್ನಿ.

ಕೊನೆಯದಾಗಿ ಈ ಪ್ರಶ್ನೆಗಳಿಗೆ ನಿಮ್ಮ ಟಿಪ್ಪಣಿ ಪುಸ್ತಕದಲ್ಲಿ ಉತ್ತರ ಬರೆಯಿರಿ. ಉಸಿರಾಟವನ್ನು ಆಳುವ ಭಾಗ ಯಾವುದು? ಬಲಗೈ ಸೋತು ಮಾತು ತೊದಲಿದರೆ ಮಿದುಳಿನ ಯಾವ ಅರ್ಧಕ್ಕೆ ಪೆಟ್ಟಾಗಿರಬಹುದು? ಸೈಕಲ್ ಕಲಿತದ್ದು ಮರೆಯದಿರಲು, ನಿನ್ನೆಯ ಊಟ ಮರೆತುಹೋಗಲು ಕಾರಣವೇನು? ಉತ್ತರ ಬರೆದ ಮೇಲೆ ಪಾರ್ಶ್ವವಾಯುವಿನ ಮೂರು ಗುರುತುಗಳನ್ನು ಮನೆಯಲ್ಲಿ ಅಜ್ಜ ಅಜ್ಜಿಯರಿಗೆ, ಅವರ ಭಾಷೆಯಲ್ಲಿಯೇ, ಒಮ್ಮೆ ತಿಳಿಸಿ ಹೇಳಿ. ಈ ಪಾಠ ಪರೀಕ್ಷೆಗೆ ಬಂದರೂ ಬಾರದಿದ್ದರೂ ಮನೆಗೆ ಒಂದು ದಿನ ಬೇಕಾದೀತು.